ಎಳೆಯ ಬೆಕ್ಕಿನ ಮರಿಗಳಿಗೆ ಚಿಗಟದ ಬಾಧೆ: ಔಷಧಕ್ಕಿಂತ ಮೊದಲು ಹಣಿಗೆ

ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಭಾಗದ ಒಕ್ಕಲುತನದ ಮನೆಗಳಲ್ಲಿ ಬೆಕ್ಕು ಕೇವಲ ಮುದ್ದಿನ ಪ್ರಾಣಿಯಲ್ಲ. ಅದು ಜೋಳದ ಚೀಲಗಳ ಕಾವಲುಗಾರ. ಇಲಿಯ ಕಾಟವಿರುವ ಮನೆಯಲ್ಲಿ ಬೆಕ್ಕಿಗೆ ತನ್ನದೇ ಆದ ಸ್ಥಾನವಿದೆ. ಹೀಗಿದ್ದರೂ ಅದರ ಬಾಣಂತನವನ್ನು ಯಾರೂ ನೋಡಿಕೊಳ್ಳುವುದಿಲ್ಲ. ಅದು ತಾನೇ ಒಂದು ಮೂಲೆಯನ್ನು ಹುಡುಕಿಕೊಂಡು, ಅಟ್ಟದ ಮೇಲಿನ ಹಳೆಯ ಕೌದಿಯಲ್ಲೋ, ಕಣಕಿಯ ಬಣವೆಯ ಸಂದಿನಲ್ಲೋ, ಮಗ್ಗದ ಮನೆಯ ಹತ್ತಿಯ ಚಿಂದಿಯ ರಾಶಿಯಲ್ಲೋ ಮರಿ ಹಾಕುತ್ತದೆ. ಹತ್ತು ಹದಿನೈದು ದಿನಗಳ ಬಳಿಕ ಮನೆಯ ಮಕ್ಕಳು ಆ ಮರಿಗಳನ್ನು ಕಂಡುಹಿಡಿಯುತ್ತಾರೆ. ಎತ್ತಿ ನೋಡಿದಾಗ ಕೂದಲಿನ ನಡುವೆ ಕಪ್ಪು ಪುಡಿ, ಅದರ ನಡುವೆ ಓಡಾಡುವ ಕಂದು ಬಣ್ಣದ ಕೀಟಗಳು ಕಣ್ಣಿಗೆ ಬೀಳುತ್ತವೆ. ಮರಿಗಳಿಗೆ ಚಿಗಟ ಹತ್ತಿರುತ್ತದೆ.

ಅಲ್ಲಿಂದ ಮುಂದೆ ನಡೆಯುವುದು ಬಹುತೇಕ ಎಲ್ಲ ಕಡೆಯೂ ಒಂದೇ ಬಗೆ. ಮನೆಯಲ್ಲಿ ದನಕ್ಕೆಂದು ತಂದಿಟ್ಟ ಔಷಧದ ಬಾಟಲಿ ಇರುತ್ತದೆ; ಇಲ್ಲವೇ ನಾಯಿಗೆ ತಂದ ಪುಡಿ ಇರುತ್ತದೆ; ಅದೂ ಇಲ್ಲದಿದ್ದರೆ ಸೀಮೆಎಣ್ಣೆ, ಕರ್ಪೂರ, ತಂಬಾಕಿನ ನೀರು. ಕರುಣೆಯಿಂದಲೇ ಅದನ್ನು ಮರಿಯ ಮೈಗೆ ಹಚ್ಚುತ್ತಾರೆ. ಚಿಗಟ ಸಾಯುತ್ತದೆ, ಕೆಲವು ಗಂಟೆಗಳಲ್ಲಿ ಮರಿಯೂ ಸಾಯುತ್ತದೆ. ಏನೂ ಮಾಡದೆ ಬಿಟ್ಟರೂ ಮರಿ ಉಳಿಯುವ ಭರವಸೆಯಿಲ್ಲ, ಏಕೆಂದರೆ ಚಿಗಟವೂ ಎಳೆಯ ಮರಿಯನ್ನು ಕೊಲ್ಲಬಲ್ಲದು. ಈ ಎರಡು ಅಪಾಯಗಳ ನಡುವೆ ಒಂದು ಸುರಕ್ಷಿತವಾದ ದಾರಿಯಿದೆ. ಅದಕ್ಕೆ ಹೆಚ್ಚಿನ ಖರ್ಚಿಲ್ಲ. ತಾಳ್ಮೆ ಮಾತ್ರ ಬೇಕು. ಆ ದಾರಿ ಯಾವುದು, ಉಳಿದವು ಏಕೆ ಅಪಾಯಕಾರಿ ಎಂಬುದನ್ನು ವಿವರಿಸುವುದು ಈ ಲೇಖನದ ಉದ್ದೇಶ.

ಮೂರು ಜೀವಿ, ಆರು ಹೆಸರು

ಮೊದಲು ಹೆಸರಿನ ವಿಷಯ. ಸಾಕುಪ್ರಾಣಿಗಳ ಮೈಮೇಲೆ ಸಾಮಾನ್ಯವಾಗಿ ಕಾಣುವ ಪರೋಪಜೀವಿಗಳು ಮೂರು: ಹೇನು, ಉಣ್ಣಿ ಮತ್ತು ಚಿಗಟ. ಮರಾಠಿಯಲ್ಲಿ ಇವುಗಳಿಗೆ ಕ್ರಮವಾಗಿ ಊ, ಗೋಚೀಡ ಮತ್ತು ಪಿಸೂ ಎನ್ನುತ್ತಾರೆ. ಎರಡೂ ಭಾಷೆಗಳಲ್ಲಿ ಪ್ರತ್ಯೇಕವಾದ, ಸ್ಪಷ್ಟವಾದ ಹೆಸರುಗಳಿವೆ. ಆದರೆ ದಿನಬಳಕೆಯ ಮಾತಿನಲ್ಲಿ ಈ ಭೇದ ಉಳಿಯುವುದಿಲ್ಲ. ಮೈಮೇಲೆ ಹರಿದಾಡುವುದೆಲ್ಲ ಒಬ್ಬರಿಗೆ ಹೇನು, ಇನ್ನೊಬ್ಬರಿಗೆ ಉಣ್ಣಿ, ಮತ್ತೊಬ್ಬರಿಗೆ ಬರೀ 'ಹುಳ'.

ಗಡಿಭಾಗದಲ್ಲಿ ಈ ಅಸ್ಪಷ್ಟತೆಗೆ ಬೆಲೆ ತೆರಬೇಕಾಗುತ್ತದೆ. ಮನೆಯಲ್ಲಿ ಕನ್ನಡದಲ್ಲಿ 'ಉಣ್ಣಿ' ಎಂದದ್ದು ಅಂಗಡಿಯಲ್ಲಿ ಮರಾಠಿಯ 'ಗೋಚೀಡ' ಆಗುತ್ತದೆ. ಅಂಗಡಿಯವನು ಗೋಚೀಡದ ಔಷಧವನ್ನೇ ಕೊಡುತ್ತಾನೆ. ಅದರ ಮೇಲಿನ ಎಚ್ಚರಿಕೆಯ ಸಾಲು ಇಂಗ್ಲಿಷಿನಲ್ಲಿ, ಅದೂ ಅತಿ ಸಣ್ಣ ಅಕ್ಷರಗಳಲ್ಲಿರುತ್ತದೆ. ದನ ಎಮ್ಮೆಗಳ ಉಣ್ಣಿಗೆಂದು ತಯಾರಾದ ಆ ದ್ರವ ನೂರಿನ್ನೂರು ಗ್ರಾಂ ತೂಕದ ಬೆಕ್ಕಿನ ಮರಿಯ ಮೇಲೆ ಬೀಳುತ್ತದೆ. ಇಲ್ಲಿ ಯಾರೂ ಸುಳ್ಳು ಹೇಳಿಲ್ಲ, ಯಾರೂ ಮೋಸ ಮಾಡಿಲ್ಲ. ಒಂದು ಶಬ್ದ ತನ್ನ ಜಾಗ ಬಿಟ್ಟು ಕದಲಿದೆ, ಅಷ್ಟೇ.

ಆದ್ದರಿಂದ ಗುರುತು ಹಿಡಿಯುವುದನ್ನು ಮೊದಲು ಕಲಿಯಬೇಕು. ಉಣ್ಣಿಗೆ ಬಲಿತಾಗ ಎಂಟು ಕಾಲು; ಅದು ಜೇಡದ ಬಳಗಕ್ಕೆ ಸೇರಿದ್ದು; ಚರ್ಮವನ್ನು ಕಚ್ಚಿ ಒಂದೇ ಕಡೆ ಅಂಟಿಕೊಂಡಿರುತ್ತದೆ, ರಕ್ತ ಕುಡಿದು ಕಾಳಿನಂತೆ ಉಬ್ಬುತ್ತದೆ. ಹೇನಿಗೆ ಆರು ಕಾಲು. ಅದರ ಮೈ ಮೇಲಿನಿಂದ ಒತ್ತಿದಂತೆ ಚಪ್ಪಟೆ. ನಿಧಾನವಾಗಿ ಹರಿದಾಡುತ್ತದೆ, ತನ್ನ ಮೊಟ್ಟೆಯಾದ ಸೀರನ್ನು ಕೂದಲಿಗೆ ಅಂಟಿಸುತ್ತದೆ. ಚಿಗಟಕ್ಕೂ ಆರು ಕಾಲುಗಳೇ, ಆದರೆ ಮೈ ಎಡಬಲದಿಂದ ಒತ್ತಿದಂತೆ ಚಪ್ಪಟೆಯಾಗಿರುತ್ತದೆ. ಹೀಗಾಗಿ ಕೂದಲುಗಳ ನಡುವೆ ಅದು ಸರಾಗವಾಗಿ ಓಡುತ್ತದೆ. ರೆಕ್ಕೆಯಿಲ್ಲ, ಹಿಂಗಾಲುಗಳ ಬಲದಿಂದ ಚಿಮ್ಮುತ್ತದೆ. ಉದ್ದ ಎರಡು ಮೂರು ಮಿಲಿಮೀಟರು ಮಾತ್ರ.

ಚಿಗಟ ಕಾಣದಿದ್ದರೂ ಅದರ ಇರವನ್ನು ಪತ್ತೆ ಹಚ್ಚಬಹುದು. ಮರಿಯ ಕೂದಲಿನಲ್ಲಿರುವ ಕಪ್ಪು ಪುಡಿಯನ್ನು ಒದ್ದೆ ಮಾಡಿದ ಬಿಳಿ ಕಾಗದದ ಮೇಲೆ ಉದುರಿಸಿ ನಿಮಿಷ ಕಾಯಬೇಕು. ಅದು ಮಣ್ಣಾಗಿದ್ದರೆ ಮಣ್ಣಾಗಿಯೇ ಉಳಿಯುತ್ತದೆ. ಸುತ್ತಲೂ ಕೆಂಗಂದು ಬಣ್ಣ ಹರಡಿದರೆ ಅದು ಚಿಗಟದ ಹಿಕ್ಕೆ, ಅಂದರೆ ಜೀರ್ಣವಾಗಿ ಒಣಗಿದ ರಕ್ತ. ಆ ಬಣ್ಣ ಮರಿಯ ರಕ್ತದ್ದೇ.

ಚಿಗಟದ ನಾಲ್ಕು ಅವಸ್ಥೆಗಳು

ಬೆಕ್ಕು ಮತ್ತು ನಾಯಿಗಳ ಮೇಲೆ ಹೆಚ್ಚಾಗಿ ಕಾಣುವ ಚಿಗಟದ ಶಾಸ್ತ್ರೀಯ ಹೆಸರು ಟೆನೊಸೆಫಲೈಡಿಸ್ ಫೆಲಿಸ್. ಹೆಸರಿನಲ್ಲಿ ಬೆಕ್ಕಿದ್ದರೂ ನಾಯಿಯ ಮೈಮೇಲೂ ಬಹುಮಟ್ಟಿಗೆ ಇದೇ ಜಾತಿ ಇರುತ್ತದೆ. ಪ್ಲೇಗಿನ ಕಾಲದಲ್ಲಿ ಕುಖ್ಯಾತವಾದ ಇಲಿಯ ಚಿಗಟ ಬೇರೆ ಜಾತಿಯದು. 1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಪ್ಲೇಗು ಎರಡು ವರ್ಷಗಳೊಳಗೆ ಹುಬ್ಬಳ್ಳಿ, ಬೆಂಗಳೂರುಗಳನ್ನು ಮುಟ್ಟಿತು. ಅದೇ 1898ರಲ್ಲಿ ಕರಾಚಿಯಲ್ಲಿ ಫ್ರೆಂಚ್ ವೈದ್ಯ ಪಾಲ್ ಲೂಯಿ ಸಿಮೋಂ ಇಲಿಯಿಂದ ಇಲಿಗೆ ರೋಗವನ್ನು ಒಯ್ಯುವುದು ಚಿಗಟವೆಂದು ಪ್ರಯೋಗದಿಂದ ತೋರಿಸಿದನು. ಬೆಕ್ಕಿನ ಮರಿಯ ಮೇಲಿನ ಚಿಗಟವನ್ನು ಕಂಡು ಆ ಬಗೆಯ ಭಯ ಪಡಬೇಕಾಗಿಲ್ಲ. ಆದರೆ ಉದಾಸೀನವೂ ಸಲ್ಲದು.

ಚಿಗಟದ ಬಾಳಿನಲ್ಲಿ ನಾಲ್ಕು ಅವಸ್ಥೆಗಳಿವೆ: ಮೊಟ್ಟೆ, ಮರಿಹುಳ, ಕೋಶ ಮತ್ತು ಪ್ರೌಢ ಕೀಟ. ಹೆಣ್ಣು ಚಿಗಟ ಬೆಕ್ಕಿನ ಮೈಮೇಲೆಯೇ ಇದ್ದು ದಿನಕ್ಕೆ ನಲವತ್ತು ಐವತ್ತರವರೆಗೆ ಮೊಟ್ಟೆಯಿಡಬಲ್ಲದು. ಹೇನಿನ ಸೀರಿನಂತೆ ಈ ಮೊಟ್ಟೆಗಳು ಕೂದಲಿಗೆ ಅಂಟುವುದಿಲ್ಲ. ನುಣುಪಾಗಿರುವುದರಿಂದ ಬೆಕ್ಕು ಮಲಗಿದಲ್ಲಿ, ಕೂತಲ್ಲಿ ಉದುರುತ್ತವೆ. ಕೆಲವೇ ದಿನಗಳಲ್ಲಿ ಅವು ಒಡೆದು ಕಾಲಿಲ್ಲದ ಸಣ್ಣ ಮರಿಹುಳಗಳು ಹೊರಬರುತ್ತವೆ. ಅವು ಬೆಳಕಿಗೆ ಅಂಜಿ ಕೌದಿಯ ಮಡಿಕೆ, ನೆಲದ ಬಿರುಕು, ಕಸದ ಅಡಿಗೆ ಸರಿಯುತ್ತವೆ. ದೊಡ್ಡ ಚಿಗಟಗಳ ಹಿಕ್ಕೆಯಾಗಿ ಉದುರಿದ ಒಣರಕ್ತವೇ ಅವುಗಳ ಮುಖ್ಯ ಆಹಾರ. ಬಳಿಕ ಪ್ರತಿ ಹುಳವೂ ತನ್ನ ಸುತ್ತ ರೇಷ್ಮೆಯಂಥ ಗೂಡು ನೇಯ್ದು ಕೋಶವಾಗುತ್ತದೆ. ಅನುಕೂಲವಾದ ಹವೆಯಲ್ಲಿ ಮೊಟ್ಟೆಯಿಂದ ಪ್ರೌಢಾವಸ್ಥೆಯವರೆಗಿನ ಈ ಪಯಣ ಮೂರು ನಾಲ್ಕು ವಾರಗಳಲ್ಲಿ ಮುಗಿಯುತ್ತದೆ. ಕೋಶದಲ್ಲಿರುವ ಚಿಗಟ ಅಗತ್ಯ ಬಿದ್ದರೆ ತಿಂಗಳುಗಟ್ಟಲೆ ಕಾಯಬಲ್ಲದು. ನೆಲದ ಕಂಪನ, ಪ್ರಾಣಿಯ ಮೈಬಿಸಿ, ಉಸಿರಿನ ಇಂಗಾಲದ ಡೈಆಕ್ಸೈಡು ಇವು ತಾಗಿದೊಡನೆ ಅದು ಹೊರಗೆ ಚಿಮ್ಮುತ್ತದೆ. ಬಹುದಿನ ಬೀಗ ಹಾಕಿದ್ದ ಮನೆಗೆ ಕಾಲಿಟ್ಟೊಡನೆ ಚಿಗಟ ಕಚ್ಚುವುದಕ್ಕೆ ಕಾರಣ ಇದೇ.

ಬೆಕ್ಕು ತನ್ನ ಮರಿಗಳಿಗೆ ಏಳು ಮನೆ ತೋರಿಸುತ್ತದೆ ಎಂಬ ಮಾತು ಜನರಲ್ಲಿದೆ. ಮನುಷ್ಯರ ಓಡಾಟ, ಹೊಲಸು, ಶತ್ರುಭಯ ಹೆಚ್ಚಾದಾಗ ತಾಯಿ ಬೆಕ್ಕು ಮರಿಗಳ ಕುತ್ತಿಗೆ ಹಿಡಿದು ಬೇರೆಡೆಗೆ ಒಯ್ಯುವುದು ನಿಜ. ಹಾಗೆ ಒಯ್ದಾಗ ಹಿಂದಿನ ನೆಲೆಯಲ್ಲಿ ಸಾವಿರಾರು ಮೊಟ್ಟೆ ಕೋಶಗಳು ಉಳಿದಿರಬಹುದು. ಆದ್ದರಿಂದ ಮರಿಗಳು ಈಗ ಇರುವ ಜಾಗದಷ್ಟೇ ಮುಂಚೆ ಇದ್ದ ಜಾಗವನ್ನೂ ಗಮನಿಸಬೇಕು. ಮೈಮೇಲೆ ಕಾಣುವ ಪ್ರೌಢ ಚಿಗಟಗಳು ಒಟ್ಟು ಸಂತತಿಯ ನೂರಕ್ಕೆ ಐದರಷ್ಟು ಮಾತ್ರ. ಉಳಿದ ತೊಂಬತ್ತೈದು ಪಾಲು ಹಾಸಿಗೆಯಲ್ಲಿ, ನೆಲದಲ್ಲಿ ಇರುತ್ತದೆ ಎಂಬುದು ಪಶುವೈದ್ಯರ ಸಾಮಾನ್ಯ ಅಂದಾಜು.

ರಕ್ತದ ಲೆಕ್ಕ

ದೊಡ್ಡ ಬೆಕ್ಕಿಗೆ ಚಿಗಟವೆಂದರೆ ತುರಿಕೆ. ಎಳೆಯ ಮರಿಗೆ ಅದು ಜೀವದ ಪ್ರಶ್ನೆ. ಏಕೆಂಬುದನ್ನು ಸಣ್ಣ ಲೆಕ್ಕವೊಂದು ತಿಳಿಸುತ್ತದೆ. ಆಗ ತಾನೇ ಹುಟ್ಟಿದ ಬೆಕ್ಕಿನ ಮರಿಯ ತೂಕ ಸುಮಾರು 100 ಗ್ರಾಂ. ಅದರ ಮೈಯಲ್ಲಿರುವ ಒಟ್ಟು ರಕ್ತ ಹೆಚ್ಚು ಕಡಿಮೆ 6 ಮಿಲಿಲೀಟರು, ಅಂದರೆ ಒಂದು ಚಹಾ ಚಮಚಕ್ಕಿಂತ ತುಸು ಹೆಚ್ಚು. ಹೆಣ್ಣು ಚಿಗಟ ದಿನಕ್ಕೆ ತನ್ನ ತೂಕದ ಹದಿನೈದು ಪಟ್ಟು ರಕ್ತ ಹೀರಬಲ್ಲದು. 72 ಹೆಣ್ಣು ಚಿಗಟಗಳು ಸೇರಿದರೆ ದಿನಕ್ಕೆ 1 ಮಿಲಿಲೀಟರು ರಕ್ತ ಹೋಗುತ್ತದೆಂದು ಕೀಟತಜ್ಞರು ಅಳೆದಿದ್ದಾರೆ. ಅಂದರೆ ಆ ಮರಿಯ ರಕ್ತದ ಆರನೆಯ ಒಂದು ಪಾಲು ಒಂದೇ ದಿನದಲ್ಲಿ ಖಾಲಿ. ಇಪ್ಪತ್ತೇ ಚಿಗಟಗಳಿದ್ದರೂ ಒಂದು ವಾರದಲ್ಲಿ ಹೀರುವುದು ಸುಮಾರು 2 ಮಿಲಿಲೀಟರು.

ಮರಿಯ ದೇಹ ಹೊಸ ರಕ್ತವನ್ನು ಉತ್ಪಾದಿಸುತ್ತಲೇ ಇರುತ್ತದೆ. ದಿನಕ್ಕೆ ಹತ್ತು ಹದಿನೈದು ಗ್ರಾಂ ತೂಕವನ್ನೂ ಗಳಿಸುತ್ತದೆ. ಆದರೆ ಅದರ ಏಕೈಕ ಆಹಾರವಾದ ಹಾಲಿನಲ್ಲಿ ಕಬ್ಬಿಣದ ಅಂಶ ಅಲ್ಪ. ಹೋಗುವ ವೇಗ ಬರುವ ವೇಗವನ್ನು ಮೀರಿದಾಗ ರಕ್ತಹೀನತೆ ಉಂಟಾಗುತ್ತದೆ. ಆಗ ಮರಿಯ ಒಸಡು ಗುಲಾಬಿ ಬಣ್ಣ ಕಳೆದುಕೊಂಡು ಬಿಳಿಚಿಕೊಳ್ಳುತ್ತದೆ, ಅದು ಮೊಲೆ ಹಿಡಿಯುವುದನ್ನು ಬಿಡುತ್ತದೆ, ಒಡಹುಟ್ಟಿದ ಮರಿಗಳ ಗುಂಪಿನಿಂದ ಸರಿದು ಒಂಟಿಯಾಗಿ ಬೀಳುತ್ತದೆ, ಮೈ ತಣ್ಣಗಾಗುತ್ತದೆ.

ಈ ತಣ್ಣಗಾಗುವಿಕೆ ಎರಡನೆಯ ಅಪಾಯ. ಹುಟ್ಟಿದ ಮೊದಲ ಮೂರು ನಾಲ್ಕು ವಾರ ಬೆಕ್ಕಿನ ಮರಿಗೆ ತನ್ನ ಮೈಬಿಸಿಯನ್ನು ತಾನೇ ಕಾಯ್ದುಕೊಳ್ಳಲು ಬಾರದು. ತಾಯಿಯ ಹೊಟ್ಟೆ, ಒಡಹುಟ್ಟಿದವರ ಮೈ, ಹಾಸಿಗೆಯ ಬಿಸಿ ಇವೇ ಅದರ ಆಸರೆ. ಮೈ ತಣ್ಣಗಾದ ಮರಿಯ ಹೊಟ್ಟೆ ಹಾಲನ್ನೂ ಅರಗಿಸದು. ಚಿಗಟ ತೆಗೆಯುವ ಯಾವ ಕ್ರಮವೂ ಮರಿಯನ್ನು ತಣ್ಣಗಾಗಿಸಬಾರದು ಎಂಬುದು ಇಲ್ಲಿನ ಮೂಲ ಸೂತ್ರ.

ದನದ ಔಷಧ, ನಾಯಿಯ ಔಷಧ ಏಕೆ ವಿಷ?

ದನಕ್ಕೆ ಹಚ್ಚಿದರೆ ದನ ಸಾಯುವುದಿಲ್ಲ, ನಾಯಿಗೆ ಹಚ್ಚಿದರೆ ನಾಯಿ ಸಾಯುವುದಿಲ್ಲ. ಬೆಕ್ಕು ಮಾತ್ರ ಏಕೆ ಸಾಯುತ್ತದೆ? ಉತ್ತರ ಬೆಕ್ಕಿನ ಯಕೃತ್ತಿನಲ್ಲಿದೆ. ಹೆಚ್ಚಿನ ಸಸ್ತನಿಗಳ ಯಕೃತ್ತು ಮೈಗೆ ಸೇರಿದ ಅನೇಕ ರಾಸಾಯನಿಕಗಳಿಗೆ ಗ್ಲುಕುರಾನಿಕ್ ಆಮ್ಲವನ್ನು ಜೋಡಿಸಿ, ಅವನ್ನು ನೀರಿನಲ್ಲಿ ಕರಗುವಂತೆ ಮಾಡಿ ಹೊರಹಾಕುತ್ತದೆ. ಈ ಜೋಡಣೆಗೆ ಬೇಕಾದ ಕಿಣ್ವಗಳಲ್ಲಿ ಮುಖ್ಯವಾದವು ಬೆಕ್ಕಿನಲ್ಲಿ ತೀರ ಕಡಿಮೆ. ಹಾಗಾಗಿ ಬೇರೆ ಪ್ರಾಣಿಗಳ ಮೈಯಿಂದ ಬೇಗ ಹೊರಟುಹೋಗುವ ವಸ್ತು ಬೆಕ್ಕಿನ ಮೈಯಲ್ಲಿ ಬಹುಕಾಲ ಉಳಿದು ವಿಷವಾಗುತ್ತದೆ. ಮನುಷ್ಯರು ಜ್ವರಕ್ಕೆ ನುಂಗುವ ಪ್ಯಾರಸಿಟಮಾಲ್‌ನ ಒಂದೇ ಮಾತ್ರೆ ಬೆಕ್ಕನ್ನು ಕೊಲ್ಲಬಲ್ಲದು. ಅದರ ಹಿಂದಿರುವುದೂ ಇದೇ ಕೊರತೆ.

ನಾಯಿಗಳ ಚಿಗಟದ ಔಷಧಗಳಲ್ಲಿ ಬಳಕೆಯಲ್ಲಿರುವ ಪರ್ಮೆಥ್ರಿನ್, ದನಗಳ ಉಣ್ಣಿಗೆ ಬಳಸುವ ಡೆಲ್ಟಾಮೆಥ್ರಿನ್ ಮತ್ತು ಸೈಪರ್‌ಮೆಥ್ರಿನ್ ಇವು ಪೈರೆಥ್ರಾಯ್ಡ್ ಎಂಬ ಒಂದೇ ಕುಲಕ್ಕೆ ಸೇರಿದವು. ಸೇವಂತಿಗೆಯ ಬಳಗದ ಹೂವೊಂದರಲ್ಲಿರುವ ಕೀಟನಾಶಕ ಗುಣವನ್ನು ಅನುಕರಿಸಿ ಇವನ್ನು ತಯಾರಿಸಿದ್ದಾರೆ. ಇವು ನರಗಳ ಮೇಲೆ ಕೆಲಸ ಮಾಡುತ್ತವೆ. ಬೆಕ್ಕಿಗೆ ತಗುಲಿದರೆ ಕಿವಿ ಮತ್ತು ಚರ್ಮ ಅದುರುವುದು, ಜೊಲ್ಲು ಸುರಿಯುವುದು, ನಡುಕ, ಸೆಟೆತ, ಕೊನೆಗೆ ಸಾವು. ಉಣ್ಣಿಗೆ ಬಳಸುವ ಅಮಿಟ್ರಾಜ್ ಬೇರೆ ಕುಲದ್ದು, ಆದರೆ ಅದೂ ಬೆಕ್ಕಿಗೆ ಸಲ್ಲದು. ಎಳೆಯ ಮರಿಗಾದರೋ ಯಕೃತ್ತೇ ಇನ್ನೂ ಬಲಿತಿರುವುದಿಲ್ಲ. ತೂಕಕ್ಕೆ ಹೋಲಿಸಿದರೆ ಚರ್ಮದ ವಿಸ್ತಾರ ಹೆಚ್ಚು. ಹಚ್ಚಿದ್ದರಲ್ಲಿ ಹೆಚ್ಚಿನ ಪಾಲು ಒಳಗೆ ಇಳಿಯುತ್ತದೆ. ಅದಕ್ಕೂ ಮಿಗಿಲಾಗಿ, ತಾಯಿ ಬೆಕ್ಕು ಮರಿಯನ್ನು ದಿನವಿಡೀ ನೆಕ್ಕುತ್ತದೆ. ಮರಿಗೆ ಹಚ್ಚಿದ್ದೆಲ್ಲ ತಾಯಿಯ ಹೊಟ್ಟೆಗೂ ಹೋಗುತ್ತದೆ. ಒಂದು ತಪ್ಪಿನಿಂದ ಇಡೀ ಸಂಸಾರ ಅಳಿಯಬಹುದು.

ಬೆಕ್ಕಿಗೆಂದೇ ತಯಾರಾದ ಔಷಧಗಳೂ ಎಲ್ಲ ವಯಸ್ಸಿಗೆ ಹೊಂದುವುದಿಲ್ಲ. ಕುತ್ತಿಗೆಯ ಹಿಂದೆ ಹನಿಸುವ ಔಷಧಗಳಲ್ಲಿ ಬಹಳಷ್ಟು ಎಂಟು ವಾರ ತುಂಬಿದ ಮರಿಗಳಿಗೆ ಮಾತ್ರ. ನೈಟೆನ್‌ಪೈರಾಮ್ ಎಂಬ ಮಾತ್ರೆಯನ್ನು ನಾಲ್ಕು ವಾರದ ಮರಿಗೂ ಕೊಡಬಹುದೆಂದು ಬರೆದಿರುತ್ತದೆ. ಆದರೆ ಜೊತೆಗೇ ಮರಿಯ ತೂಕ ಸುಮಾರು 900 ಗ್ರಾಂ ಇರಬೇಕೆಂಬ ನಿಬಂಧನೆಯೂ ಇರುತ್ತದೆ. ನಾಲ್ಕು ವಾರದ ಮರಿ ಸಾಮಾನ್ಯವಾಗಿ 400 ಗ್ರಾಂ ಆಸುಪಾಸಿನಲ್ಲಿರುತ್ತದೆ. ವಯಸ್ಸಿನ ಸಾಲನ್ನು ಓದಿ ತೂಕದ ಸಾಲನ್ನು ಬಿಟ್ಟರೆ ಓದಿಯೂ ಪ್ರಯೋಜನವಿಲ್ಲ. ಇನ್ನೂ ಎಳೆಯ ಮರಿಗಳಿಗೆ ಬಳಸಬಹುದಾದ ಔಷಧ ಇಲ್ಲವೇ ಇಲ್ಲ ಎಂದಲ್ಲ. ಯಾವುದು, ಎಷ್ಟು ಎಂಬುದನ್ನು ಮರಿಯನ್ನು ಕೈಯಲ್ಲಿ ಹಿಡಿದು ತೂಗಿದ ಪಶುವೈದ್ಯರೇ ಹೇಳಬೇಕು.

ಮನೆಮದ್ದುಗಳ ಮಾತು

ಔಷಧದ ಅಪಾಯ ತಿಳಿದವರು ಮನೆಮದ್ದಿನ ಕಡೆಗೆ ಹೊರಳುತ್ತಾರೆ. 'ಗಿಡಮೂಲಿಕೆ, ಹಾಗಾಗಿ ನಿರಪಾಯ' ಎಂಬ ನಂಬಿಕೆ ಇಲ್ಲಿ ಕೆಲಸ ಮಾಡುವುದಿಲ್ಲ. ಸೀಮೆಎಣ್ಣೆ ಚರ್ಮವನ್ನು ಸುಡುತ್ತದೆ, ನೆಕ್ಕಿದಾಗ ಶ್ವಾಸಕೋಶಕ್ಕೆ ಇಳಿಯುತ್ತದೆ. ತಂಬಾಕಿನ ಕಷಾಯದಲ್ಲಿರುವ ನಿಕೋಟಿನ್ ಚರ್ಮದ ಮೂಲಕವೇ ಒಳಸೇರುವ ವಿಷ. ಕರ್ಪೂರ, ನೀಲಗಿರಿ ಎಣ್ಣೆ ಮುಂತಾದ ಗಾಢ ವಾಸನೆಯ ಎಣ್ಣೆಗಳನ್ನು ಬೆಕ್ಕಿನ ಯಕೃತ್ತು ನಿಭಾಯಿಸಲಾರದು. ಫಿನೈಲಿಗೂ, ಗಾಯ ತೊಳೆಯುವ ನಂಜುನಿರೋಧಕ ದ್ರವಗಳಿಗೂ ಇದೇ ಮಾತು. ಬೇವಿನ ಎಣ್ಣೆ ಹಚ್ಚಿದ ಬೆಕ್ಕುಗಳಲ್ಲಿ ಜೊಲ್ಲು ಮತ್ತು ನಡುಕ ಕಾಣಿಸಿದ ಪ್ರಕರಣಗಳು ಪಶುವೈದ್ಯರ ಅನುಭವಕ್ಕೆ ಬಂದಿವೆ.

ಸೊಲ್ಲಾಪುರ ಜಿಲ್ಲೆಯ ಬಾರ್ಶಿ ಭಾಗ ಸೀತಾಫಲಕ್ಕೆ ಹೆಸರಾದದ್ದು. ತಲೆಯ ಹೇನಿಗೆ ಸೀತಾಫಲದ ಬೀಜವನ್ನು ಅರೆದು ಹಚ್ಚುವ ರೂಢಿ ಹಳೆಯದು. ಆ ಬೀಜಕ್ಕೆ ಕೀಟಗಳನ್ನು ಕೊಲ್ಲುವ ಶಕ್ತಿ ಇರುವುದು ನಿಜವೇ. ಆದರೆ ಅದರ ಪುಡಿ ಕಣ್ಣಿಗೆ ಬಿದ್ದರೆ ಕಣ್ಣಿನ ಕರಿಯ ಗುಡ್ಡೆಯ ಮೇಲಿನ ಪಾರದರ್ಶಕ ಪೊರೆಗೆ ತೀವ್ರ ಹಾನಿಯಾಗುತ್ತದೆ. ಹೇನಿಗೆಂದು ಹಚ್ಚಿಕೊಂಡ ಮನುಷ್ಯರಲ್ಲಿಯೇ ಇದು ಕಂಡುಬಂದಿದೆ. ಅಂಗೈಯಗಲದ ಮರಿಯ ಮೈಗೆ ಹಚ್ಚಿದ ಪುಡಿ ಅದರ ಕಣ್ಣಿಗೆ ಬೀಳದಿರುವುದು ಅಸಾಧ್ಯ.

ಹಣಿಗೆಯ ಕೆಲಸ

ಹಾಗಾದರೆ ಉಳಿದ ದಾರಿ? ತಲೆಯ ಹೇನು ಸೀರುಗಳನ್ನು ತೆಗೆಯಲು ಬಳಸುವ, ಒತ್ತಾದ ಹಲ್ಲುಗಳ ಹಣಿಗೆ. ಸೀರು ತೆಗೆಯುವುದರಿಂದ ಕನ್ನಡದಲ್ಲಿ ಅದಕ್ಕೆ ಸೀರಣಿಗೆ ಎಂಬ ಹೆಸರಿದೆ. ಮರಾಠಿ ಮಾತಿನ ಮನೆಗಳಲ್ಲಿ ಅದು ಫಣಿ. ಸಂತೆಯಲ್ಲಿ ಸಿಗುವ ಈ ಸಣ್ಣ ಸಾಧನ ಎಳೆಯ ಮರಿಗೆ ಅತ್ಯಂತ ಸುರಕ್ಷಿತವಾದ ಚಿಕಿತ್ಸೆ. ಅದರ ಹಲ್ಲುಗಳ ಸಂದಿನಲ್ಲಿ ಕೂದಲು ಹಾಯುತ್ತದೆ, ಚಿಗಟ ಸಿಕ್ಕಿಕೊಳ್ಳುತ್ತದೆ.

ಕೆಲಸಕ್ಕೆ ಬಿಸಿಲು ಬೀಳುವ, ಗಾಳಿಯಿಲ್ಲದ ಜಾಗವನ್ನು ಆರಿಸಬೇಕು. ಒಂದು ಬಟ್ಟಲಿನಲ್ಲಿ ಬಿಸಿನೀರು ಹಾಕಿ ಕೆಲವು ಹನಿ ಪಾತ್ರೆ ತೊಳೆಯುವ ಸಾಬೂನು ಬೆರೆಸಿ ಪಕ್ಕದಲ್ಲಿಟ್ಟುಕೊಳ್ಳಬೇಕು. ಬರಿಯ ನೀರಿನ ಮೇಲೆ ಚಿಗಟ ತೇಲುತ್ತದೆ. ಸಾಬೂನು ನೀರಿನ ಮೇಲ್ಪದರದ ಬಿಗಿತವನ್ನು ಮುರಿಯುವುದರಿಂದ ಮುಳುಗಿ ಸಾಯುತ್ತದೆ. ತಾಯಿಯ ಬಳಿಯಿಂದ ಒಂದೊಂದೇ ಮರಿಯನ್ನು ಎತ್ತಿ ಬಿಳಿಯ ಟಾವೆಲಿನ ಮೇಲೆ ಇರಿಸಬೇಕು. ಸೊಲ್ಲಾಪುರದ ದಪ್ಪನೆಯ ಟಾವೆಲು ಇದಕ್ಕೆ ಹೇಳಿ ಮಾಡಿಸಿದ್ದು: ಅದು ಬೆಚ್ಚಗೂ ಇಡುತ್ತದೆ, ಉದುರಿದ ಚಿಗಟವನ್ನೂ ತೋರಿಸುತ್ತದೆ. ಮೊದಲು ಕುತ್ತಿಗೆ, ಗಲ್ಲದ ಕೆಳಗೆ, ಕಿವಿಯ ಹಿಂದೆ. ಬಳಿಕ ಬೆನ್ನು, ಬಾಲದ ಬುಡ. ಕೊನೆಗೆ ಹೊಟ್ಟೆ ಮತ್ತು ತೊಡೆಯ ಸಂದು. ಕೂದಲು ಬೆಳೆದ ದಿಕ್ಕಿನಲ್ಲಿಯೇ ಹಗುರವಾಗಿ ಬಾಚಬೇಕು. ಪ್ರತಿ ಸಲ ಬಾಚಿದ ಮೇಲೆ ಹಣಿಗೆಯನ್ನು ಸಾಬೂನಿನ ನೀರಿನಲ್ಲಿ ಅದ್ದಬೇಕು. ಸಿಕ್ಕ ಚಿಗಟವನ್ನು ಉಗುರಿನಿಂದ ಕುಕ್ಕುವುದು ರೂಢಿಯಾದರೂ ಅದನ್ನು ಬಿಡಬೇಕು. ಚಿಗಟದ ಹೊಟ್ಟೆಯಲ್ಲಿ ಲಾಡಿಹುಳುವಿನ ಎಳೆಯ ರೂಪವೂ, ಬೆಕ್ಕು ಪರಚಿದಾಗ ಮನುಷ್ಯರಿಗೆ ಜ್ವರ ತರುವ ಬಾರ್ಟೊನೆಲ್ಲಾ ಎಂಬ ಸೂಕ್ಷ್ಮಾಣುವೂ ಇರಬಹುದು.

ಒಂದು ಮರಿಗೆ ಐದಾರು ನಿಮಿಷ ಸಾಕು. ಮರಿ ತಣ್ಣಗಾಗುವ ಮೊದಲೇ ತಾಯಿಯ ಬಳಿಗೆ ಮರಳಿಸಬೇಕು. ಮನುಷ್ಯರು ಮುಟ್ಟಿದರೆ ತಾಯಿ ಬಿಟ್ಟುಬಿಡುತ್ತದೆ ಎಂಬ ಭಯ ಸಾಕಿದ ಬೆಕ್ಕಿನ ವಿಷಯದಲ್ಲಿ ಬೇಡ. ಈ ಕೆಲಸವನ್ನು ದಿನಕ್ಕೆ ಎರಡು ಸಲದಂತೆ ಎರಡು ವಾರ, ಅನಂತರ ಎರಡು ಮೂರು ದಿನಕ್ಕೊಮ್ಮೆ ಮುಂದುವರಿಸಬೇಕು. ಒಂದೇ ದಿನ ಬಾಚಿ ಬಿಟ್ಟರೆ ನಾಳೆ ಕೋಶದಿಂದ ಹೊರಟ ಹೊಸ ಚಿಗಟಗಳು ಆ ಜಾಗವನ್ನು ತುಂಬುತ್ತವೆ.

ಸ್ನಾನ ಯಾವಾಗ, ಹೇಗೆ?

ಬಾಚಿದರೂ ಮುಗಿಯದಷ್ಟು ಚಿಗಟವಿದ್ದಾಗ ಮಾತ್ರ ಸ್ನಾನ. ಮರಿ ಬೆಚ್ಚಗಿರಬೇಕು, ಚುರುಕಾಗಿರಬೇಕು. ತಣ್ಣಗಾಗಿ ಬಿದ್ದ ಮರಿಯನ್ನು ನೀರಿಗೆ ಇಳಿಸಬಾರದು. ನೀರು ಮೈಬಿಸಿಯಷ್ಟೇ, ಅಂದರೆ 37ರಿಂದ 38 ಡಿಗ್ರಿ ಸೆಲ್ಸಿಯಸ್ ಇರಲಿ. ಮೊಣಕೈ ಅದ್ದಿದಾಗ ಬಿಸಿಯೂ ತಂಪೂ ಅನ್ನಿಸಬಾರದು. ಸಾಬೂನು ಎಂದರೆ ಕೂಸುಗಳಿಗೆ ಬಳಸುವ ಶಾಂಪು ಅಥವಾ ಪಾತ್ರೆ ತೊಳೆಯುವ ಸೌಮ್ಯ ದ್ರವದ ಒಂದೆರಡು ಹನಿ. ಚಿಗಟ ಕೊಲ್ಲುವ ಶಾಂಪುಗಳು ಬೇಡ. ಅವುಗಳಲ್ಲಿ ಹಿಂದೆ ಹೇಳಿದ ಕೀಟನಾಶಕಗಳೇ ಇರಬಹುದು.

ಮೈ ಒದ್ದೆಯಾದೊಡನೆ ಚಿಗಟಗಳು ಒಣಗಿರುವ ಮುಖದ ಕಡೆಗೆ ಓಡುತ್ತವೆ. ಅದನ್ನು ತಡೆಯಲು ಮೊದಲು ಕುತ್ತಿಗೆಯ ಸುತ್ತ ಸಾಬೂನಿನ ನೊರೆಯ ಬಳೆಯನ್ನು ಕಟ್ಟಬೇಕು. ಬಳಿಕ ತಲೆಯನ್ನು ಮೇಲೆ ಹಿಡಿದು ಮೈಯನ್ನು ಮಾತ್ರ ನೀರಿಗೆ ಇಳಿಸಿ ಬೆರಳಿನಿಂದ ಹಗುರವಾಗಿ ಉಜ್ಜಬೇಕು. ಎರಡು ಮೂರು ನಿಮಿಷಕ್ಕಿಂತ ಹೆಚ್ಚು ಬೇಡ. ಮುಖಕ್ಕೆ ಸಾಬೂನು ತಾಗಬಾರದು. ಅಲ್ಲಿಗೆ ಒದ್ದೆ ಬಟ್ಟೆ ಮತ್ತು ಹಣಿಗೆ ಸಾಕು. ತಾಯಿ ನೆಕ್ಕುವುದರಿಂದ ಸಾಬೂನೆಲ್ಲ ಹೋಗುವಂತೆ ಬೆಚ್ಚನೆಯ ನೀರಿನಲ್ಲಿ ತೊಳೆಯಬೇಕು. ಕೂಡಲೇ ಟಾವೆಲಿನಲ್ಲಿ ಸುತ್ತಿ, ಕೂದಲಿನ ಬುಡದವರೆಗೆ ಒಣಗಿಸಿ, ಬಟ್ಟೆಯಲ್ಲಿ ಸುತ್ತಿದ ಬಿಸಿನೀರಿನ ಬಾಟಲಿಯ ಪಕ್ಕದಲ್ಲಿ ಇರಿಸಬೇಕು. ಬಾಟಲಿ ನೇರವಾಗಿ ಚರ್ಮಕ್ಕೆ ತಾಗಿದರೆ ಸುಡುತ್ತದೆ. ಬಿಸಿ ಹೆಚ್ಚಾದರೆ ಮರಿ ಆಚೆ ಸರಿಯಲು ಜಾಗವಿರಲಿ. ಒಂದು ಮರಿ ಪೂರ್ತಿ ಒಣಗುವವರೆಗೆ ಇನ್ನೊಂದನ್ನು ನೀರಿಗೆ ಇಳಿಸಬಾರದು.

ತಾಯಿ ಮತ್ತು ಹಾಸಿಗೆ

ಮರಿಯನ್ನು ಎಷ್ಟು ಬಾಚಿದರೂ ತಾಯಿಯ ಮೈಮೇಲೆ ಚಿಗಟವಿದ್ದರೆ ಶ್ರಮ ವ್ಯರ್ಥ. ತಾಯಿಯನ್ನೂ ಬಾಚಬೇಕು. ತಾಯಿಗೆ ಔಷಧ ಕೊಡಿಸುವುದು ಸಾಧ್ಯ. ಸೆಲಮೆಕ್ಟಿನ್‌ನಂಥ ಕೆಲವು ಔಷಧಗಳು ಹಾಲುಣಿಸುವ ಬೆಕ್ಕಿಗೂ ಸಲ್ಲುತ್ತವೆ. ಪಶುವೈದ್ಯರಿಗೆ 'ಮರಿಗಳು ಹಾಲು ಕುಡಿಯುತ್ತಿವೆ' ಎಂಬ ಮಾತನ್ನು ತಪ್ಪದೆ ತಿಳಿಸಬೇಕು. ಹನಿಸಿದ ಔಷಧ ಒಣಗುವವರೆಗೆ ಮರಿಗಳನ್ನು ಎಷ್ಟು ಹೊತ್ತು ಬೇರೆ ಇಡಬೇಕೆಂದು ಕೇಳಿ ತಿಳಿಯಬೇಕು.

ಹಾಸಿಗೆಯ ವಿಷಯದಲ್ಲಿ ಹಳೆಯ ಕೌದಿಯನ್ನು ಬಿಟ್ಟು ದಿನವೂ ಬದಲಿಸಬಹುದಾದ ಹತ್ತಿಯ ಬಟ್ಟೆ ಹಾಸುವುದು ಲೇಸು. ತೆಗೆದ ಬಟ್ಟೆಯನ್ನು ಕೊಡಹದೆ, ಮಡಿಚಿಯೇ ಒಯ್ದು ಕುದಿಯುವ ನೀರಿಗೆ ಹಾಕಿ ಬಿಸಿಲಿಗೆ ಹರವಬೇಕು. ಕೊಡಹಿದರೆ ಮೊಟ್ಟೆಗಳು ಮನೆಯೆಲ್ಲ ಹರಡುತ್ತವೆ. ಚಿಗಟದ ಮರಿಹುಳಕ್ಕೆ ತೇವ ಬೇಕು. ಒಣಗಾಳಿ ಮತ್ತು ಉರಿಬಿಸಿಲನ್ನು ಅದು ತಾಳದು. ಸೊಲ್ಲಾಪುರದ ಏಪ್ರಿಲ್ ಮೇ ತಿಂಗಳ ಬಿಸಿಲು ಈ ಮಟ್ಟಿಗೆ ಉಪಕಾರಿ. ಮಳೆ ಬಿದ್ದು ಹವೆಯಲ್ಲಿ ತೇವ ಏರಿದಾಗ ಚಿಗಟ ಹೆಚ್ಚುತ್ತದೆ. ಆಗ ಹಾಕಿದ ಮರಿಗಳ ಮೇಲೆ ಹೆಚ್ಚು ನಿಗಾ ಬೇಕು. ಸಾರಿಸಿದ ನೆಲದ ಬಿರುಕುಗಳನ್ನು ಮುಚ್ಚಬೇಕು, ಮೂಲೆಗಳನ್ನು ದಿನವೂ ಗುಡಿಸಬೇಕು, ಗುಡಿಸಿದ ಕಸವನ್ನು ಮನೆಯಿಂದ ದೂರ ಹಾಕಬೇಕು. ಕೋಶಗಳು ತಿಂಗಳುಗಟ್ಟಲೆ ಉಳಿಯುವುದರಿಂದ ಈ ಶುಚಿತ್ವವನ್ನು ಮೂರು ತಿಂಗಳಾದರೂ ಪಾಲಿಸಬೇಕು. ಬೆಕ್ಕು ಮತ್ತು ಮರಿಗಳಿರುವ ಕೋಣೆಯಲ್ಲಿ ಕೀಟನಾಶಕ ಸಿಂಪಡಿಸಬಾರದು.

ದವಾಖಾನೆಗೆ ಯಾವಾಗ?

ಒಸಡು ಬಿಳಿಚಿದ್ದರೆ, ಮೈ ತಣ್ಣಗಿದ್ದರೆ, ಮರಿ ಮೊಲೆ ಹಿಡಿಯದಿದ್ದರೆ, ಅದು ಮನೆಯ ಆರೈಕೆಯ ಗಡಿ ದಾಟಿದೆ. ಬೆಚ್ಚಗೆ ಸುತ್ತಿಕೊಂಡು ಅದೇ ದಿನ ಪಶುವೈದ್ಯಕೀಯ ದವಾಖಾನೆಗೆ ಒಯ್ಯಬೇಕು. ಕೆಲವೊಮ್ಮೆ ರಕ್ತವನ್ನೇ ಕೊಡಬೇಕಾಗುತ್ತದೆ. ತಣ್ಣಗಾದ ಮರಿಗೆ ಬಲವಂತವಾಗಿ ಹಾಲು ಹನಿಸಬಾರದು. ತಪ್ಪಿ ದನದ ಅಥವಾ ನಾಯಿಯ ಔಷಧ ಹಚ್ಚಿದ್ದಾದರೆ, ನಡುಕ ಆರಂಭವಾಗುವವರೆಗೆ ಕಾಯದೆ, ಪಾತ್ರೆಯ ಸಾಬೂನು ಬೆರೆಸಿದ ಉಗುರುಬೆಚ್ಚಗಿನ ನೀರಿನಿಂದ ತೊಳೆದು, ಒರೆಸಿ, ಬೆಚ್ಚಗೆ ಸುತ್ತಿ, ಆ ಔಷಧದ ಪೆಟ್ಟಿಗೆಯೊಂದಿಗೆ ದವಾಖಾನೆಗೆ ಧಾವಿಸಬೇಕು. ವಾಂತಿ ಮಾಡಿಸುವ ಪ್ರಯತ್ನ ಬೇಡ. ಚಿಗಟ ಹತ್ತಿದ್ದ ಮರಿಗಳ ಮಲದ ಬಳಿ ಅಕ್ಕಿಕಾಳಿನಂಥ ತುಣುಕುಗಳು ಕಂಡರೆ ಅದು ಲಾಡಿಹುಳು. ಅದಕ್ಕೂ ವೈದ್ಯರು ಸೂಚಿಸಿದ ಔಷಧವೇ ಬೇಕು.

ದವಾಖಾನೆಯಲ್ಲಾಗಲಿ ಅಂಗಡಿಯಲ್ಲಾಗಲಿ ಹೇಳಬೇಕಾದ ಸಂಗತಿಗಳು ನಾಲ್ಕು: ಪ್ರಾಣಿ ಯಾವುದು, ವಯಸ್ಸು ಎಷ್ಟು ವಾರ, ತೂಕ ಎಷ್ಟು ಗ್ರಾಂ, ಮೈಮೇಲಿರುವುದು ಏನು. ಕನ್ನಡದಲ್ಲಿ 'ಬೆಕ್ಕಿನ ಮರಿಗೆ ಚಿಗಟ', ಮರಾಠಿಯಲ್ಲಿ 'ಮಾಂಜರಾಚ್ಯಾ ಪಿಲ್ಲಾಲಾ ಪಿಸವಾ'. ಗೋಚೀಡ ಅಲ್ಲ, ಉಣ್ಣಿ ಅಲ್ಲ. ತೂಕಕ್ಕೆ ಕಿರಾಣಿ ಅಂಗಡಿಯ ತಕ್ಕಡಿಯೂ ಆದೀತು. ಕೊಟ್ಟ ಪೆಟ್ಟಿಗೆಯ ಮೇಲೆ ಬೆಕ್ಕಿನ ಹೆಸರು, ವಯಸ್ಸು, ತೂಕ ಈ ಮೂರೂ ಇವೆಯೇ ಎಂದು ಓದಬೇಕು. ಓದಲು ಬಾರದವರು ಮನೆಯಲ್ಲಿ ಕಾಲೇಜಿಗೆ ಹೋಗುವ ಮಕ್ಕಳಿಂದ ಓದಿಸಬೇಕು. ಎರಡು ಭಾಷೆಗಳಲ್ಲಿ ಬೆಳೆದು ಮೂರನೆಯದರಲ್ಲಿ ಓದುತ್ತಿರುವ ಈ ಭಾಗದ ವಿದ್ಯಾರ್ಥಿಗಳಿಗೆ ಅದು ಕಷ್ಟದ ಕೆಲಸವಲ್ಲ.

ಎಂಟು ವಾರ ತುಂಬಿದ ಮೇಲೆ ಮರಿಗಳನ್ನು ನೆರೆಹೊರೆಯವರಿಗೆ, ನೆಂಟರಿಗೆ ಕೊಡುವುದು ರೂಢಿ. ಕೊಡುವ ಮುನ್ನ ಒಮ್ಮೆ ಬಿಳಿ ಟಾವೆಲಿನ ಮೇಲೆ ಇರಿಸಿ ಬಾಚಿ ನೋಡಬೇಕು. ಅಷ್ಟು ಹೊತ್ತಿಗೆ ಹೆಚ್ಚಿನ ಔಷಧಗಳ ವಯಸ್ಸಿನ ಮಿತಿಯೂ ದಾಟಿರುತ್ತದೆ. ವೈದ್ಯರನ್ನು ಕೇಳಿ ಸರಿಯಾದದ್ದನ್ನು ಹಾಕಿಸಬಹುದು. ಮರಿಯೊಂದಿಗೆ ಒಂದು ಸೀರಣಿಗೆಯನ್ನೂ ಕೊಟ್ಟು ಅದನ್ನು ಬಳಸುವ ಬಗೆಯನ್ನು ಹೇಳಿಕೊಟ್ಟರೆ, ಹೊಸ ಮನೆಯವರು ದನದ ಔಷಧದ ಬಾಟಲಿಗೆ ಕೈಹಾಕುವ ಸಂದರ್ಭ ಬಾರದು.